ದಂಡದ ಚೀಟಿಯೂ ಹಳೆಯ ವಿಳಾಸವೂ

2024ರ ಅಕ್ಟೋಬರ್ ತಿಂಗಳ ನಡುವಿನಲ್ಲಿ, ಭಾರಿ ಮಳೆ ಬೀಳಲಿದೆಯೆಂಬ ಎಚ್ಚರಿಕೆ ಹೊರಬಿದ್ದೊಡನೆಯೇ, ವೇಲಚೇರಿಯ ನಿವಾಸಿಗಳು ತಮ್ಮ ಕಾರುಗಳನ್ನು ಅಲ್ಲಿಯ ಮೇಲ್ಸೇತುವೆಯ ಮೇಲೆ ಸಾಲಾಗಿ ತಂದು ನಿಲ್ಲಿಸಿದುದನ್ನು ವಾಚಕರು ಮರೆತಿರಲಾರರು. 2015ರ ಡಿಸೆಂಬರಿನ ಮಹಾಪೂರವನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಅನುಭವಿಸಿದ್ದ ಜನರಿಗೆ, ಮನೆಯ ಮುಂದೆ ನಿಂತ ಕಾರು ನೀರಿನಲ್ಲಿ ಮುಳುಗುವುದೆಂದರೆ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಹೀಗೆ ನಿಲ್ಲಿಸಿದವರಿಗೆ ಪೋಲೀಸರು ದಂಡ ಹಾಕುತ್ತಿದ್ದಾರೆಂಬ ಸುದ್ದಿ ಬೇಗನೆ ಹಬ್ಬಿತು. ದಂಡವಾದರೆ ಆಗಲಿ, ಎಂಜಿನ್ನು ಕೆಟ್ಟು ಲಕ್ಷಗಟ್ಟಲೆ ಕಳೆದುಕೊಳ್ಳುವುದಕ್ಕಿಂತ ಅದೇ ಲೇಸೆಂದು ಕೆಲವರು ಅಂದರು. ಕಡೆಗೆ, ಅಂಥ ದಂಡವನ್ನೇನೂ ವಿಧಿಸಿಲ್ಲವೆಂದು ಸಂಚಾರ ಪೋಲೀಸರು ಸ್ಪಷ್ಟಪಡಿಸಿದರು.

ಅವರು ಮಾಡಿದುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಪ್ರಕೃತವಲ್ಲ. ಆದರೆ ಆ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ವಿಶೇಷವುಂಟು. ತಮಗೆ ದಂಡ ಬಿದ್ದಿದೆಯೋ ಇಲ್ಲವೋ ಎಂಬುದೇ ಕಾರಿನ ಒಡೆಯರಿಗೆ ಆ ಹೊತ್ತಿನಲ್ಲಿ ತಿಳಿದಿರಲಿಲ್ಲ! ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ. ಪೋಲೀಸಿನವನು ಸೀಟಿ ಊದಿ ತಡೆಯುತ್ತಿದ್ದನು. ಮಾತಿಗೆ ಮಾತು ಬೆಳೆಯುತ್ತಿತ್ತು. ಚೀಟಿ ಕೈಗೆ ಬರುತ್ತಿತ್ತು. ತಪ್ಪು, ದಂಡ, ರಸೀತಿ ಮೂರೂ ಒಂದೇ ಜಾಗದಲ್ಲಿ ಮುಗಿದುಹೋಗುತ್ತಿದ್ದುವು. ಈಗಲಾದರೋ ಕಂಬದ ಮೇಲಿನ ಕ್ಯಾಮರಾ ಚಿತ್ರ ಹಿಡಿಯುತ್ತದೆ, ಯಂತ್ರ ನಂಬರನ್ನು ಓದುತ್ತದೆ, ಚಲನ್ ಎಂದು ಕರೆಯಲ್ಪಡುವ ದಂಡದ ಚೀಟಿ ನೋಂದಣಿ ಪುಸ್ತಕದಲ್ಲಿರುವ ವಿಳಾಸವನ್ನೋ ದೂರವಾಣಿ ಸಂಖ್ಯೆಯನ್ನೋ ಹುಡುಕಿಕೊಂಡು ಹೊರಡುತ್ತದೆ. ಆ ವಿಳಾಸದಲ್ಲಿ ಈಗ ಇರುವವರು ಯಾರು? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದಿರುವ ನಮ್ಮಂಥವರ ಮಟ್ಟಿಗೆ ಇಡೀ ವಿಷಯದ ತಿರುಳು ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಶಾಸನ ಬೆಳೆದು ಬಂದ ಬಗೆ

ಮೋಟಾರು ವಾಹನಗಳ ವಿಚಾರದಲ್ಲಿ 1939ರ ಕಾಯಿದೆಯ ಸ್ಥಾನಕ್ಕೆ ಬಂದುದು 1988ರ ಕಾಯಿದೆ. ಅದು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಸಾಮಾನ್ಯ ತಪ್ಪುಗಳಿಗೆ ಅದರ 177ನೆಯ ಪ್ರಕರಣ ಗೊತ್ತುಪಡಿಸಿದ್ದ ನೂರು ರೂಪಾಯಿಯ ದಂಡವು ಮೂವತ್ತು ವರ್ಷಗಳ ಕಾಲ ನೂರಾಗಿಯೇ ಉಳಿಯಿತು. ಅಕ್ಕಿಯ ಬೆಲೆ, ಪೆಟ್ರೋಲಿನ ಬೆಲೆ, ಮನೆಬಾಡಿಗೆ ಎಲ್ಲವೂ ಏರಿದುವು, ದಂಡವೊಂದು ಏರಲಿಲ್ಲ. ಹೀಗಾಗಿ ದಂಡವೆಂಬುದು ಶಿಕ್ಷೆಯಾಗಿ ಉಳಿಯದೆ ದಾರಿಯ ಸುಂಕದಂತಾಗಿಬಿಟ್ಟಿತ್ತು.

2019ರ ತಿದ್ದುಪಡಿಯು ಆ ವರ್ಷದ ಸೆಪ್ಟೆಂಬರ್ 1ರಿಂದ ಈ ಸ್ಥಿತಿಯನ್ನು ಒಮ್ಮೆಗೇ ಬದಲಾಯಿಸಿತು. ನೂರು ರೂಪಾಯಿಯ ಸಾಮಾನ್ಯ ದಂಡ ಐನೂರಾಯಿತು. ಹೆಲ್ಮೆಟ್ಟಿಲ್ಲದೆ ದ್ವಿಚಕ್ರ ವಾಹನ ನಡೆಸಿದವನಿಗೆ ಸಾವಿರ ರೂಪಾಯಿ ದಂಡವಲ್ಲದೆ ಮೂರು ತಿಂಗಳ ಕಾಲ ಲೈಸೆನ್ಸಿಗೆ ಅನರ್ಹತೆಯೂ ಬಂದಿತು. ಲೈಸೆನ್ಸಿಲ್ಲದೆ ನಡೆಸಿದರೆ ಐದು ಸಾವಿರ. ವಿಮೆಯಿಲ್ಲದಿದ್ದರೆ ಮೊದಲ ಸಲಕ್ಕೆ ಎರಡು ಸಾವಿರ. ಕುಡಿದು ನಡೆಸಿದರೆ ಮೊದಲ ಸಲಕ್ಕೆ ಹತ್ತು ಸಾವಿರ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಆಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ ಹತ್ತು ಸಾವಿರ. ಸಣ್ಣ ತಪ್ಪುಗಳನ್ನು ಸ್ಥಳದಲ್ಲಿಯೇ ರಾಜಿ ಮಾಡಿಕೊಂಡು ಮುಗಿಸಲು 200ನೆಯ ಪ್ರಕರಣ ರಾಜ್ಯ ಸರಕಾರಗಳಿಗೆ ಅಧಿಕಾರ ಕೊಟ್ಟಿದೆ. ತಮಿಳುನಾಡು ಹೊಸ ದರಗಳನ್ನು 2022ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಕರ್ನಾಟಕವು 2019ರ ಸೆಪ್ಟೆಂಬರಿನಲ್ಲಿಯೇ ಕೆಲವು ದರಗಳನ್ನು ಇಳಿಸಿ, ಹೆಲ್ಮೆಟ್ಟಿಲ್ಲದ ತಪ್ಪಿಗೆ ಐನೂರೆಂದು ಗೊತ್ತುಮಾಡಿತು. ಒಂದೇ ಕಾಯಿದೆ, ಒಂದೇ ತಪ್ಪು. ಹೊಸೂರಿನ ಗಡಿ ದಾಟಿದರೆ ದಂಡ ಇಮ್ಮಡಿ! ಬೆಂಗಳೂರಿನ ಲೆಕ್ಕವನ್ನು ವೇಲಚೇರಿಯಲ್ಲಿ ಇಟ್ಟುಕೊಳ್ಳಬಾರದೆಂಬುದು ಇದರಿಂದ ಕಲಿಯಬೇಕಾದ ಮೊದಲ ಪಾಠ. ಹಿಂದಿನ ಸೀಟಿನಲ್ಲಿ ಕುಳಿತವರಿಗೂ ಹೆಲ್ಮೆಟ್ ಬೇಕೆಂಬ ನಿಯಮವನ್ನು ಚೆನ್ನೈ ಪೋಲೀಸರು 2022ರ ಮೇ 23ರಿಂದ ಬಿಗಿಯಾಗಿ ಆಚರಣೆಗೆ ತಂದರೆಂಬುದನ್ನೂ ಇಲ್ಲಿ ನೆನೆಯಬಹುದು.

ವಿಳಾಸದ ತೊಡಕು

ಈಗ ನಮ್ಮವರ ಸ್ಥಿತಿಯನ್ನು ನೋಡೋಣ. ಮೈಸೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಓದು ಮುಗಿಸಿದ ತರುಣನೊಬ್ಬನಿಗೆ ತರಮಣಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕುತ್ತದೆ. ವೇಲಚೇರಿಯಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾನೆ. ತಂದೆ ಕೊಡಿಸಿದ ಸ್ಕೂಟರು ರೈಲಿನಲ್ಲಿ ಬರುತ್ತದೆ. ಸ್ಕೂಟರು ತಂದೆಯ ಹೆಸರಿನಲ್ಲಿದೆ. ನೋಂದಣಿ ಪುಸ್ತಕದಲ್ಲಿರುವುದು ಊರಿನ ಹಳೆಯ ಮನೆ. ಅಲ್ಲಿ ಬರೆಸಿದ ದೂರವಾಣಿ ಸಂಖ್ಯೆ ಕೈಬಿಟ್ಟು ನಾಲ್ಕು ವರ್ಷವಾಗಿದೆ. ವಿಜಯನಗರದ ವೃತ್ತದಲ್ಲಿ ಕೆಂಪು ದೀಪವನ್ನು ದಾಟಿದವನು ಮಗ. ಚೀಟಿ ಹೋಗುವುದು ತಂದೆಯ ಹೆಸರಿಗೆ, ಯಾರೂ ಇಲ್ಲದ ಮನೆಗೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರಸಿತೆಂಬ ಗಾದೆಯನ್ನು ಇಲ್ಲಿ ಯಾರೂ ಬೇಕೆಂದು ನಡೆಸಿದ್ದಲ್ಲ. ಆದರೂ ಫಲ ಅದೇ.

ಶಾಸನವು ಈ ತೊಡಕನ್ನು ಊಹಿಸದೆ ಇಲ್ಲ. ಆದರೆ ಅದನ್ನು ಬಿಡಿಸುವ ಹೊಣೆಯನ್ನು ಒಡೆಯನ ಮೇಲೆಯೇ ಹೊರಿಸಿದೆ. 46ನೆಯ ಪ್ರಕರಣದಂತೆ ಒಂದು ರಾಜ್ಯದ ನೋಂದಣಿ ದೇಶದಾದ್ಯಂತ ಸಲ್ಲುತ್ತದೆ. ಕರ್ನಾಟಕದ ನಂಬರೆಂಬ ಒಂದೇ ಕಾರಣಕ್ಕೆ ವಾಹನ ಅಪರಾಧಿಯಾಗುವುದಿಲ್ಲ. ಆದರೆ 47ನೆಯ ಪ್ರಕರಣದ ಮೇರೆಗೆ, ಹನ್ನೆರಡು ತಿಂಗಳನ್ನು ಮೀರಿ ಇನ್ನೊಂದು ರಾಜ್ಯದಲ್ಲಿ ಇರಿಸಿಕೊಂಡ ವಾಹನಕ್ಕೆ ಆ ರಾಜ್ಯದ ಹೊಸ ನಂಬರು ಪಡೆಯಬೇಕು. ಅದಕ್ಕೆ ಮುನ್ನ ಮೂಲ ಕಚೇರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ತರಬೇಕು. ವಾಸಸ್ಥಳ ಬದಲಾದರೆ ಮೂವತ್ತು ದಿನಗಳೊಳಗೆ ಹೊಸ ವಿಳಾಸವನ್ನು ತಿಳಿಸಬೇಕೆಂದು 49ನೆಯ ಪ್ರಕರಣ ಹೇಳುತ್ತದೆ. ಮಾರಿದ ವಾಹನದ ವಿಚಾರದಲ್ಲಿ, ರಾಜ್ಯದೊಳಗಾದರೆ ಮಾರಿದವನು ಹದಿನಾಲ್ಕು ದಿನಗಳಲ್ಲಿ, ಹೊರರಾಜ್ಯಕ್ಕಾದರೆ ನಲವತ್ತೈದು ದಿನಗಳಲ್ಲಿ, ವರ್ಗಾವಣೆಯನ್ನು ನೋಂದಣಿ ಕಚೇರಿಗೆ ತಿಳಿಸತಕ್ಕದ್ದೆಂಬುದು 50ನೆಯ ಪ್ರಕರಣ.

ಈ ಕಡೆಯ ಮಾತನ್ನು ಲಘುವಾಗಿ ಭಾವಿಸುವವರು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರರ ನಡುವಣ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ತಿಳಿದುಕೊಳ್ಳಬೇಕು. ಕಾರೊಂದು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು. ಪುಸ್ತಕದಲ್ಲಿ ಮಾತ್ರ ಮೊದಲಿನ ಒಡೆಯನ ಹೆಸರೇ ಇತ್ತು. ಅಪಘಾತವಾದಾಗ ಪರಿಹಾರ ಕೊಡುವ ಹೊಣೆ, ನೋಂದಣಿಯಲ್ಲಿ ಹೆಸರಿದ್ದ ಆ ಒಡೆಯನದೇ ಎಂದು ನ್ಯಾಯಾಲಯ ನಿರ್ಣಯಿಸಿತು. ಅದು ಅಪಘಾತದ ಪರಿಹಾರದ ಮೊಕದ್ದಮೆ, ದಂಡದ್ದಲ್ಲವೆಂಬುದು ನಿಜ. ಆದರೂ ಪುಸ್ತಕದಲ್ಲಿರುವ ಹೆಸರಿಗೆ ಶಾಸನ ಎಷ್ಟು ಬೆಲೆ ಕೊಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಊರು ಬಿಡುವ ಅವಸರದಲ್ಲಿ ಸ್ಕೂಟರನ್ನು ಸ್ನೇಹಿತನಿಗೆ ಕೊಟ್ಟು, ಕಾಗದಪತ್ರವನ್ನು ಆಮೇಲೆ ನೋಡಿಕೊಳ್ಳೋಣವೆಂದು ರೈಲು ಹತ್ತಿದವರು ನಮ್ಮಲ್ಲಿ ಕಡಮೆಯೇನಲ್ಲ.

ದಾರಿಯಲ್ಲಿ ತಡೆದಾಗ

ಪೋಲೀಸಿನವರು ನೇರವಾಗಿ ತಡೆದು ಚೀಟಿ ಕೊಡುವ ಪದ್ಧತಿಯೇನೂ ನಿಂತುಹೋಗಿಲ್ಲ. ಆಗ ತಿಳಿದಿರಬೇಕಾದ ಸಂಗತಿಗಳು ಕೆಲವುಂಟು. ಸಮವಸ್ತ್ರದಲ್ಲಿರುವ ಪೋಲೀಸಿನವರು ಕೇಳಿದಾಗ ಲೈಸೆನ್ಸು ತೋರಿಸುವುದು ವಾಹನ ನಡೆಸುವವನ ಕರ್ತವ್ಯ. ಕಾಗದದ ರೂಪದಲ್ಲಿಯೇ ತೋರಿಸಬೇಕೆಂಬ ನಿರ್ಬಂಧ ಈಗ ಇಲ್ಲ. ಸರಕಾರದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಎಂಬ ವ್ಯವಸ್ಥೆಗಳ ಮೂಲಕ ಕೈಫೋನಿನಲ್ಲಿ ತೋರಿಸಿದ ದಾಖಲೆಗೆ ಮೂಲಪ್ರತಿಯಷ್ಟೇ ಮಾನ್ಯತೆಯುಂಟು. ಆದರೆ ಲೈಸೆನ್ಸಿನ ಫೋಟೋ ತೆಗೆದು ಇಟ್ಟುಕೊಂಡಿರುವುದು ಬೇರೆ, ಈ ವ್ಯವಸ್ಥೆಗಳಲ್ಲಿ ದಾಖಲೆ ಇರುವುದು ಬೇರೆ. ಮೊದಲನೆಯದಕ್ಕೆ ಆ ಮಾನ್ಯತೆಯಿಲ್ಲ.

ಅತಿವೇಗ, ಅಪಾಯಕರ ಚಾಲನೆ, ಕುಡಿತ, ಹೆಲ್ಮೆಟ್ಟಿಲ್ಲದಿರುವುದು ಮುಂತಾದ ಕೆಲವು ಅಪರಾಧಗಳಲ್ಲಿ ಅಧಿಕಾರಿಯು 206ನೆಯ ಪ್ರಕರಣದ ಮೇರೆಗೆ ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡು, ಅದನ್ನು ಕೊಟ್ಟ ಕಚೇರಿಗೆ ಮುಂದಿನ ಕ್ರಮಕ್ಕಾಗಿ ಕಳುಹಿಸಬಹುದು. ಹಾಗೆ ತೆಗೆದುಕೊಂಡರೆ ತಾತ್ಕಾಲಿಕ ರಸೀತಿ ಕೊಡಲೇಬೇಕು. ರಸೀತಿಯಿಲ್ಲದೆ ಲೈಸೆನ್ಸನ್ನು ಬಿಟ್ಟು ಬರಬಾರದು. ಕೊಯಮತ್ತೂರಿನ ಅಸ್ಥಿವೈದ್ಯರಾದ ಡಾ. ಎಸ್. ರಾಜಶೇಖರನ್‌ರವರು 2012ರಲ್ಲಿ ಹೂಡಿದ ಸಾರ್ವಜನಿಕ ಹಿತದ ಮೊಕದ್ದಮೆಯ ಫಲವಾಗಿ ಸುಪ್ರೀಂ ಕೋರ್ಟು ರಸ್ತೆ ಸುರಕ್ಷತೆಗಾಗಿ ಸಮಿತಿಯೊಂದನ್ನು ನೇಮಿಸಿತು. ಕೆಂಪು ದೀಪ ದಾಟುವುದು, ನಡೆಸುತ್ತ ಫೋನಿನಲ್ಲಿ ಮಾತನಾಡುವುದು ಮುಂತಾದ ತಪ್ಪುಗಳಿಗೆ ಲೈಸೆನ್ಸನ್ನು ಕಡಮೆಯೆಂದರೆ ಮೂರು ತಿಂಗಳು ತಡೆಹಿಡಿಯಬೇಕೆಂದು ಆ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಆದುದರಿಂದ ದಂಡ ಕಟ್ಟಿದೊಡನೆ ಎಲ್ಲವೂ ಮುಗಿಯಿತೆಂದು ಎಲ್ಲ ಸಂದರ್ಭಗಳಲ್ಲಿಯೂ ತಿಳಿಯುವಂತಿಲ್ಲ.

ಹಣದ ವಿಚಾರ. ಚೆನ್ನೈ ಸಂಚಾರ ಪೋಲೀಸರು 2018ರ ಮೇ ತಿಂಗಳಿನಿಂದ ದಂಡವನ್ನು ನಗದಿಲ್ಲದೆ, ಕಾರ್ಡು ಅಥವಾ ಅಂತರಜಾಲದ ಮೂಲಕ ಪಡೆಯುವ ಪದ್ಧತಿಯನ್ನು ತಂದರು. ಆದಕಾರಣ, ಚೀಟಿ ಬರೆಯದೆ ಸ್ವಲ್ಪದರಲ್ಲಿ ಮುಗಿಸಿಬಿಡೋಣವೆಂಬ ಮಾತು ಯಾವ ಕಡೆಯಿಂದ ಹುಟ್ಟಿದರೂ ಅದು ದಂಡವಲ್ಲ, ಲಂಚ. ಅದನ್ನು ಕೊಟ್ಟವನೂ ಅಪರಾಧಿಯೇ. ಕಾಯಿದೆಯನ್ನು ಜಾರಿಗೊಳಿಸತಕ್ಕ ಅಧಿಕಾರಿಯೇ ಅದನ್ನು ಮುರಿದರೆ ಇಮ್ಮಡಿ ದಂಡವೆಂದು 210ಬಿ ಪ್ರಕರಣ ವಿಧಿಸಿದೆಯೆಂಬುದನ್ನೂ ಅರಿತಿರುವುದು ಒಳ್ಳೆಯದು.

ಭಾಷೆ ಬಾರದ ಊರಿನಲ್ಲಿ ಗಾಬರಿ ಸಹಜ. ಗಾಬರಿಯಲ್ಲಿ ಕೆಲವರು ದನಿ ಎತ್ತುತ್ತಾರೆ. ಕೆಲವರು ಓದದೆಯೇ ರುಜು ಹಾಕುತ್ತಾರೆ. ಎರಡೂ ಬೇಡ. ವಾಹನವನ್ನು ಬದಿಗೆ ನಿಲ್ಲಿಸಿ, ‘ಸಾರ್’ ಎಂದು ಮರ್ಯಾದೆಯಿಂದ ಮಾತನಾಡಿಸಿ, ಯಾವ ಪ್ರಕರಣದ ಮೇರೆಗೆ ಎಷ್ಟು ದಂಡವೆಂದು ಕೇಳಿ ತಿಳಿದುಕೊಂಡು, ಚೀಟಿಯಲ್ಲಿ ನಂಬರು, ಸ್ಥಳ, ವೇಳೆ ಸರಿಯಾಗಿವೆಯೇ ಎಂದು ನೋಡಿಕೊಂಡರೆ, ಅರ್ಧ ಜಗಳ ಅಲ್ಲಿಯೇ ಕರಗುತ್ತದೆ.

ಚೀಟಿ ಮನೆಗೆ ಬಂದಾಗ

ಕ್ಯಾಮರಾ ಹಿಡಿದ ತಪ್ಪುಗಳಿಗೆ ಕೇಂದ್ರ ಸರಕಾರವು 2021ರ ಆಗಸ್ಟಿನಲ್ಲಿ ವಿಶೇಷ ನಿಯಮಗಳನ್ನು ಮಾಡಿತು. ಕ್ಯಾಮರಾ ಇರುವ ಕಡೆ ಎಚ್ಚರಿಕೆಯ ಫಲಕವಿರಬೇಕು. ತಪ್ಪನ್ನೂ ವಾಹನದ ನಂಬರನ್ನೂ ತೋರಿಸುವ ಚಿತ್ರ, ದಿನ, ವೇಳೆ, ಸ್ಥಳ, ಮುರಿದ ನಿಯಮ ಇವೆಲ್ಲ ನೋಟಿಸಿನಲ್ಲಿರಬೇಕು. ತಪ್ಪು ನಡೆದ ಹದಿನೈದು ದಿನಗಳೊಳಗೆ ಅದನ್ನು ಕಳುಹಿಸಬೇಕು ಎಂದು ಆ ನಿಯಮಗಳು ಗೊತ್ತುಪಡಿಸಿದುವು. ಆದುದರಿಂದ ನೋಟಿಸು ಕೈಸೇರಿದೊಡನೆ ಮಾಡಬೇಕಾದ ಕೆಲಸ ಹಣ ಕಟ್ಟುವುದಲ್ಲ, ಚಿತ್ರ ನೋಡುವುದು. ನಿಮ್ಮದು ಕಪ್ಪು ಸ್ಕೂಟರಾಗಿ ಚಿತ್ರದಲ್ಲಿರುವುದು ಬಿಳಿಯ ಕಾರಾಗಿದ್ದರೆ, ಯಂತ್ರ ಅಂಕಿಯೊಂದನ್ನು ತಪ್ಪಾಗಿ ಓದಿದೆ, ಇಲ್ಲವೆ ಬೇರೆ ಯಾರೋ ನಿಮ್ಮ ನಂಬರನ್ನು ಹಾಕಿಕೊಂಡು ತಿರುಗುತ್ತಿದ್ದಾರೆ ಎಂದರ್ಥ. ಮೊದಲನೆಯದಾದರೆ ಚಲನ್ನಿನ ಸರಕಾರಿ ತಾಣದಲ್ಲಿ ದೂರು ದಾಖಲಿಸಬಹುದು. ಎರಡನೆಯದಾದರೆ ಪೋಲೀಸು ಠಾಣೆಗೆ ಬರೆದು ಕೊಡುವುದನ್ನು ಒಂದು ದಿನವೂ ತಡಮಾಡಬಾರದು.

ತಪ್ಪು ನಿಜವಾಗಿದ್ದರೆ, ನೋಟಿಸಿನಲ್ಲಿ ಕಾಣಿಸಿದ ಅವಧಿಯೊಳಗೆ ದಂಡ ಕಟ್ಟಿ ರಸೀತಿಯನ್ನು ಜೋಪಾನವಾಗಿಡುವುದೇ ಜಾಣತನ. ರಾಜಿಯಾದ ಅಪರಾಧದ ಮೇಲೆ ಮುಂದಿನ ಮೊಕದ್ದಮೆ ನಡೆಯತಕ್ಕದ್ದಲ್ಲವೆಂದು ಕಾಯಿದೆಯೇ ಹೇಳಿದೆ. ಕುಡಿದು ನಡೆಸಿದ ಅಪರಾಧಕ್ಕೆ ಮಾತ್ರ ಈ ರಾಜಿಯಿಲ್ಲ. ಅದು ನ್ಯಾಯಾಲಯಕ್ಕೆ ಹೋಗಲೇಬೇಕು. ವಾಹನ ನಡೆಸಿದವರು ಬೇರೆಯಾಗಿದ್ದರೆ, ಪೋಲೀಸರು ಕೇಳಿದಾಗ ಅವರ ಹೆಸರು, ವಿಳಾಸ, ಲೈಸೆನ್ಸಿನ ವಿವರ ಕೊಡುವುದು 133ನೆಯ ಪ್ರಕರಣದಂತೆ ಒಡೆಯನ ಕರ್ತವ್ಯ. ಇಲ್ಲಿ ತಂದೆತಾಯಿಯರಿಗೆ ಒಂದು ಮಾತು. ಟ್ಯೂಷನ್ನಿಗೆ ಹೋಗಿಬರಲೆಂದು ಹದಿನಾರು ವರ್ಷದ ಮಗನ ಕೈಗೆ ಬೈಕಿನ ಬೀಗದಕೈ ಕೊಡುವುದು ಪ್ರೀತಿಯೆಂದು ತೋರಬಹುದು. 199ಎ ಪ್ರಕರಣದಂತೆ ಅದರ ಬೆಲೆ, ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷಗಳವರೆಗಿನ ಸೆರೆ ಮತ್ತು ಇಪ್ಪತ್ತೈದು ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ.

ಕಟ್ಟದೆ ಬಿಟ್ಟರೆ ಚೀಟಿ ಸಾಯುವುದಿಲ್ಲ. ಅದು ನ್ಯಾಯಾಲಯದ ದಾರಿ ಹಿಡಿಯುತ್ತದೆ. ಅಂತರಜಾಲದ ಮೂಲಕವೇ ನಡೆಯುವ ಸಂಚಾರ ನ್ಯಾಯಾಲಯಗಳು ದೆಹಲಿಯಲ್ಲಿ 2019ರಲ್ಲಿ ಆರಂಭವಾಗಿ, ಬಳಿಕ ಬೇರೆ ರಾಜ್ಯಗಳಿಗೂ ಹಬ್ಬಿವೆ. ಅಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಬಹುದು. ಒಪ್ಪದಿದ್ದರೆ ಪ್ರಕರಣ ಆ ಪ್ರದೇಶದ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ? ವಾಹನವನ್ನು ಮಾರುವ ದಿನ, ಹೆಸರು ಬದಲಾಯಿಸುವ ದಿನ, ಹಳೆಯ ಚೀಟಿಗಳೆಲ್ಲ ಸಾಲಾಗಿ ಎದುರು ನಿಲ್ಲುತ್ತವೆ. ಕರ್ನಾಟಕ ಸರಕಾರವು 2023ರ ಫೆಬ್ರವರಿಯಲ್ಲಿಯೂ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿಯೂ ಬಾಕಿ ದಂಡಗಳ ಮೇಲೆ ಶೇಕಡ ಐವತ್ತರ ರಿಯಾಯಿತಿ ಕೊಟ್ಟಿತಾದುದರಿಂದ, ಕಾದವನಿಗೆ ಲಾಭವೆಂಬ ನಂಬಿಕೆ ಅಲ್ಲಿಂದ ಬಂದವರಲ್ಲಿ ಬೇರೂರಿದೆ. ಆ ರಿಯಾಯಿತಿ ಕರ್ನಾಟಕದ ಚೀಟಿಗಳಿಗೆ ಸಂಬಂಧಿಸಿದ್ದು. ಅದನ್ನು ನೆಚ್ಚಿ ಚೆನ್ನೈಯ ಚೀಟಿಯನ್ನು ಬಾಕಿಯಿಡುವುದು ಬಡ್ಡಿ ಕಟ್ಟಿ ನಷ್ಟ ಕೊಂಡಂತೆ.

ಇದರೊಡನೆ ಒಂದು ಹೊಸ ಪಿಡುಗೂ ಹುಟ್ಟಿಕೊಂಡಿದೆ. ದಂಡ ಬಾಕಿಯಿದೆಯೆಂದು ವಾಟ್ಸಾಪಿನಲ್ಲಿ ಸಂದೇಶ ಬರುತ್ತದೆ. ಅದರ ಜೊತೆಯಲ್ಲಿ ಬಂದ ಎಪಿಕೆ ಕಡತವನ್ನು ಒತ್ತಿದೊಡನೆ ಫೋನು ವಂಚಕರ ವಶವಾಗಿ ಬ್ಯಾಂಕಿನ ಹಣ ಬರಿದಾಗುತ್ತದೆ. ಚಲನ್ನಿಗಾಗಿ ಅಂಥ ಕಡತವನ್ನು ಫೋನಿನಲ್ಲಿ ಸ್ಥಾಪಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಸಂದೇಶದಲ್ಲಿರುವ ದಾರಿಯನ್ನು ಹಿಡಿಯದೆ, ‘ಗವ್ ಡಾಟ್ ಇನ್’ ಎಂದು ಮುಗಿಯುವ ಪರಿವಾಹನ್ ತಾಣಕ್ಕೆ ತಾವೇ ಹೋಗಿ, ವಾಹನದ ನಂಬರು ಕೊಟ್ಟು ನೋಡುವುದು ಕ್ಷೇಮ. ತಿಂಗಳಿಗೊಮ್ಮೆ ಹೀಗೆ ನೋಡುವ ಅಭ್ಯಾಸವಿದ್ದರೆ, ವಂಚಕನಿಗೂ ಸಂದಿಲ್ಲ, ಹಳೆಯ ಮನೆಗೆ ಹೋದ ಚೀಟಿಯ ಭಯವೂ ಇಲ್ಲ.

ಸರಕಾರದ ಪಾಲು

ಇಷ್ಟನ್ನೂ ನಮ್ಮವರಿಗೆ ಹೇಳಿದ ಮೇಲೆ ಸರಕಾರಕ್ಕೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಹುಟ್ಟಿದ ಮನೆಯಲ್ಲಿಯೇ ಬಾಳಿ ಮುಗಿಸುವ ಮನುಷ್ಯನನ್ನು ಕಣ್ಣಮುಂದಿಟ್ಟುಕೊಂಡು ಬರೆದ ಶಾಸನವಿದು. ಇಂದಿನ ದುಡಿಯುವವನು ಐದು ವರ್ಷದಲ್ಲಿ ಮೂರು ಊರು ಕಾಣುತ್ತಾನೆ. ತನಗೆ ತಲುಪದ ನೋಟಿಸಿಗೆ ಉತ್ತರ ಕೊಡಲಿಲ್ಲವೆಂದು ಅವನನ್ನು ತಪ್ಪಿತಸ್ಥನೆನ್ನುವುದು ಸುಲಭ. ತಲುಪಿತೇ ಎಂದು ಖಚಿತಪಡಿಸಿಕೊಳ್ಳುವುದು ಧರ್ಮ. ಮನೆಮನೆಗೆ ಊಟದ ಪೊಟ್ಟಣ ತಲುಪಿಸುವ ಹುಡುಗನಿಗೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಯಂತ್ರದ ತಪ್ಪಿನಿಂದ ಬಿದ್ದ ದಂಡವನ್ನು ಪ್ರಶ್ನಿಸಲು ದಿನದ ಕೂಲಿಯನ್ನೇ ಕಳೆದುಕೊಳ್ಳಬೇಕಾದರೆ, ನಿರಪರಾಧಿಯೂ ಕಟ್ಟಿಬಿಡುತ್ತಾನೆ. ಅಂಥ ಹಣದಿಂದ ಬೊಕ್ಕಸ ತುಂಬೀತು, ಶಾಸನದ ಗೌರವ ಬೆಳೆಯದು. ರಾಜ್ಯ ಬದಲಾಯಿಸಿದ ವಾಹನದ ಮರುನೋಂದಣಿಯನ್ನು ಎರಡು ಕಚೇರಿಗಳ ಅಲೆದಾಟವಿಲ್ಲದೆ ಸುಗಮಗೊಳಿಸಿದರೆ, ವಿಳಾಸದ ತೊಡಕಿನಲ್ಲಿ ಮುಕ್ಕಾಲು ಪಾಲು ತಾನಾಗಿ ಬಗೆಹರಿಯುತ್ತದೆಂಬುದು ನಮ್ಮ ಅಭಿಪ್ರಾಯ.

ಆದರೆ ದಂಡವೇ ಬೇಡವೆನ್ನುವವರ ಮಾತಿಗೆ ನಾವು ದನಿಗೂಡಿಸಲಾರೆವು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಧರಿಸದಿದ್ದವರು 50,029. ಈ ಪೈಕಿ 14,337 ಮಂದಿ ಹಿಂದಿನ ಸೀಟಿನಲ್ಲಿ ಕುಳಿತಿದ್ದವರು. ಅದೇ ವರ್ಷ 64,105 ಅಪಘಾತಗಳೊಡನೆ ದೇಶದಲ್ಲಿಯೇ ಮೊದಲ ಸ್ಥಾನದಲ್ಲಿದ್ದುದು ತಮಿಳುನಾಡು. ದೂರದೂರಿನಲ್ಲಿ ದುಡಿಯಲು ಹೋದ ಮಗನ ಬಗ್ಗೆ ಅಪರಾತ್ರಿಯಲ್ಲಿ ಬರುವ ದೂರವಾಣಿ ಕರೆಗಿಂತ ಸಾವಿರ ರೂಪಾಯಿಯ ಚೀಟಿ ಎಷ್ಟೋ ಮೃದುವಾದ ಎಚ್ಚರಿಕೆ.

ವೇಲಚೇರಿಯ ಹಳೆಯ ಶಿವಾಲಯದ ದೇವರ ಹೆಸರು ದಂಡೀಶ್ವರ. ಕಳೆದುಕೊಂಡಿದ್ದ ತನ್ನ ದಂಡವನ್ನು ಯಮನು ಇಲ್ಲಿ ಶಿವನನ್ನು ಪೂಜಿಸಿ ಮರಳಿ ಪಡೆದನೆಂದು ಸ್ಥಳಪುರಾಣ ಹೇಳುತ್ತದೆ. ಯಮನ ಕೈಯ ಆ ದಂಡಕ್ಕೆ ವಿಳಾಸ ಬೇಕಾಗಿಲ್ಲ. ಎಲ್ಲಿದ್ದರೂ ಅದು ಹುಡುಕಿಕೊಂಡು ಬರುತ್ತದೆ. ಸರಕಾರದ ದಂಡಕ್ಕಾದರೋ ವಿಳಾಸ ಬೇಕು, ಅದನ್ನು ಕೊಡಬೇಕಾದವರು ನಾವು. ಈ ಭಾನುವಾರ ಬಿಡುವಾದಾಗ ವಾಚಕರು ತಮ್ಮ ವಾಹನದ ನೋಂದಣಿ ಪುಸ್ತಕವನ್ನು ಒಮ್ಮೆ ತೆರೆದು, ಅಲ್ಲಿರುವ ಹೆಸರು ಯಾರದು, ಮನೆ ಯಾವುದು, ಸಂಖ್ಯೆ ಯಾರ ಕೈಯಲ್ಲಿದೆಯೆಂದು ನೋಡಿಕೊಂಡರೆ ಈ ಲೇಖನದ ಉದ್ದೇಶ ಸಫಲವಾದಂತೆ.